ಕೆಂಪು ಸ್ಟಿಕ್ಕರಿನ ನರಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಇನ್ನಿಬ್ಬರು ಸಭಾಪಾಲಕರೇ, ಸಭಾಂಗಣ ಸಮಿತಿಯ ಕಾರ್ಯದರ್ಶಿಗಳೇ, ಏಳು ಗಂಟೆಯ ಸಭೆಯವರೇ, ಒಂಬತ್ತೂವರೆಯ ಸಭೆಯವರೇ, ಇನ್ನೂ ಬಾಗಿಲಲ್ಲಿ ಒಳಗೆ ಬರುತ್ತಲೇ ಇರುವ ಹನ್ನೆರಡು ಗಂಟೆಯ ಸಭೆಯವರೇ, ಮೂರನೆಯ ಸಾಲಿನಲ್ಲಿ ಕುಳಿತು ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ಧರ್ಮಪತ್ನಿಯೇ, ಮತ್ತು ಸಮಸ್ತ ಸಭಿಕರೇ,

ಮೂವತ್ತನಾಲ್ಕು ವರ್ಷ ನಾನು ಈ ಸಭಾಂಗಣದ ಮೈಕ್ ನೋಡಿಕೊಂಡೆ. ಆ ಮೂವತ್ತನಾಲ್ಕು ವರ್ಷಗಳಲ್ಲಿ ಈ ಮೈಕಿನ ಮುಂದೆ ನಾನು ಆಡಿದ ಮಾತುಗಳು ಒಟ್ಟು ಮೂರು: ಹಲೋ, ಒಂದು, ಎರಡು. ಮೂರು ಎನ್ನುವಷ್ಟರಲ್ಲಿ ಯಾರಾದರೂ ಪ್ರಾರ್ಥನೆ ಶುರುಮಾಡಿಬಿಡುತ್ತಿದ್ದರು. ಇವತ್ತು ನನ್ನನ್ನು ಇತ್ತ ಕಡೆ ನಿಲ್ಲಿಸಿದ್ದೀರಿ, ಗೋಡೆ ಗಡಿಯಾರ ಕೊಟ್ಟಿದ್ದೀರಿ, ಐದು ನಿಮಿಷ ಮಾತಾಡಿ ಎಂದಿದ್ದೀರಿ. ಹಸಿದವನಿಗೆ ಅನ್ನದ ಮನೆಯ ಬೀಗದ ಕೈ ಕೊಟ್ಟು, ಒಂದೇ ತುತ್ತು ತಿನ್ನು ಎಂದರೆ ಆದೀತೇ? ಹೊಸದಾಗಿ ಮೈಕ್ ವಹಿಸಿಕೊಂಡಿರುವ ಅಮ್ಮನವರಿಗೆ ಎಲ್ಲ ಗುಂಡಿಗಳನ್ನೂ ತೋರಿಸಿಕೊಟ್ಟಿದ್ದೇನೆ. ಇದನ್ನು ಆಫ್ ಮಾಡುವ ಗುಂಡಿಯನ್ನು ಮಾತ್ರ ನಾಳೆ ತೋರಿಸುತ್ತೇನೆ ಎಂದು ಹೇಳಿದ್ದೇನೆ.

ಸಭಿಕರೇ, ನನ್ನ ವೃತ್ತಿಯ ವಿಶೇಷವೇನು? ಈ ಊರಿನಲ್ಲಿ ಮೈಕಿನವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದೇ ಭಾನುವಾರ, ಒಂದೇ ಸ್ಪೀಕರಿನಲ್ಲಿ, ಮೂರು ಬೇರೆ ಬೇರೆ ನರಕಗಳನ್ನು ಕೇಳಿಸಿದವನು ನಾನೊಬ್ಬನೇ.

ಹೊರಗಿನಿಂದ ಬಂದ ಅತಿಥಿಗಳೂ ಇರುವುದರಿಂದ ಬಿಡಿಸಿ ಹೇಳುತ್ತೇನೆ. ಮೂರು ಸಭೆಗಳಿಗೂ ಸ್ವಂತ ಕಟ್ಟಡವಿಲ್ಲ, ಮೂವರಿಗೂ ಸೇರಿ ಇದೊಂದೇ. ಇನ್ನೂರು ಮಡಚುವ ಕುರ್ಚಿ, ನಾಲ್ಕು ಫ್ಯಾನು, ಅದರಲ್ಲೊಂದು ಮೌನಪ್ರಾರ್ಥನೆಯ ಹೊತ್ತಿಗೆ ಮಾತ್ರ ಕಿರುಗುಟ್ಟುವಂಥದ್ದು. ಏಳು ಗಂಟೆಯ ಸಭೆಯವರ ಪ್ರಕಾರ ರಕ್ಷಣೆ ಹೊಂದದೆ ಸತ್ತವನು ನಿತ್ಯ ನರಕಕ್ಕೆ ಹೋಗುತ್ತಾನೆ. ಅಲ್ಲಿಯ ಬೆಂಕಿ ಆರುವುದಿಲ್ಲ, ಅಲ್ಲಿಂದ ಬಿಡುಗಡೆಯಿಲ್ಲ. ಒಂಬತ್ತೂವರೆಯವರು ಹಾಗಲ್ಲ ಎನ್ನುತ್ತಾರೆ. ದೇವರು ಯಾರನ್ನೂ ಯುಗಯುಗ ಸುಡುತ್ತಾ ಕೂರುವವನಲ್ಲ. ನಿತ್ಯಜೀವ ಎಂಬುದು ವರ, ಅದು ಪಡೆದವನಿಗೆ ಮಾತ್ರ. ಬೇಡ ಎಂದವನು ತೀರ್ಪಿನ ದಿನ ದೀಪ ಆರಿದಂತೆ ಆರಿಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಹನ್ನೆರಡು ಗಂಟೆಯವರದು ಇನ್ನೂ ಬೇರೆ. ನರಕ ಉಂಟು, ಆದರೆ ಅದಕ್ಕೆ ಹೊರಬಾಗಿಲೂ ಉಂಟು. ಎಷ್ಟು ಕಾಲ ಹಿಡಿದರೂ ಸರಿ, ಕಟ್ಟಕಡೆಯವನೂ ಒಂದು ದಿನ ತಂದೆಯ ಮನೆಗೆ ಬಂದೇ ಬರುತ್ತಾನೆ. ಮೂವರೂ ಓದುವುದು ಈ ಪೀಠದ ಮೇಲಿರುವ ಒಂದೇ ಪ್ರತಿಯಿಂದ. ಎಷ್ಟೋ ಸಲ ಒಂದೇ ಪುಟದಿಂದ. ಪುಟ ತಿರುವಿದ ಬೆರಳಿನ ಗುರುತು ನೋಡಿ ಯಾರು ಎಲ್ಲಿ ನಿಂತರು ಎಂದು ನಾನು ಹೇಳಬಲ್ಲೆ.

ನಂಬಿಕೆ ಹೇಗೋ ನಡೆನುಡಿಯೂ ಹಾಗೆ. ಏಳು ಗಂಟೆಯವರು ಆರೂಮುಕ್ಕಾಲಿಗೆ ಹಾಜರು. ಅವರ ಪ್ರಸಂಗಕ್ಕೆ ನಾನು ದನಿ ಏರಿಸಿದ್ದೇ ಇಲ್ಲ, ಇಳಿಸಿಯೇ ಅಭ್ಯಾಸ. ಹೊರಡುವಾಗ ಕುರ್ಚಿಗಳನ್ನು ಮಡಚಿ, ಹತ್ತು ಹತ್ತರಂತೆ ಗೋಡೆಗೆ ಒರಗಿಸಿ ಹೋಗುತ್ತಾರೆ. ಒಂಬತ್ತೂವರೆಯವರು ಮೆಲುದನಿಯವರು, ಹೊತ್ತಿಗೆ ಸರಿಯಾಗಿ ಮುಗಿಸುತ್ತಾರೆ, ಹೋಗುವಾಗ ಎಲ್ಲ ದೀಪಗಳನ್ನೂ ಆರಿಸಿಯೇ ಹೋಗುತ್ತಾರೆ. ಹನ್ನೆರಡು ಗಂಟೆಯವರು ಹನ್ನೆರಡೂವರೆಗೆ ಬರಲು ಆರಂಭಿಸುತ್ತಾರೆ. ಕುರ್ಚಿಗಳು ಎಲ್ಲೆಂದರಲ್ಲಿ, ಹಾಡಿನ ಪುಸ್ತಕಗಳು ಕಿಟಕಿಯಲ್ಲಿ. ಕೊನೆಗೆ ಎಲ್ಲವೂ ಸರಿಹೋಗುತ್ತದೆ ಎಂಬ ಭರವಸೆ ಅವರಿಗೆ. ಸರಿಮಾಡುತ್ತಿದ್ದವನು ನಾನು.

ಇವರ ನಡುವೆ ನಾನು ಯಾರು? ನಾನು ಯಾವ ಸಭೆಗೂ ಸೇರಿದವನಲ್ಲ. ದೀಕ್ಷಾಸ್ನಾನ ಆದವನಲ್ಲ. ವಾರಕ್ಕೆ ಮೂರು ಪ್ರಸಂಗದಂತೆ ಸುಮಾರು ಐದು ಸಾವಿರ ಪ್ರಸಂಗ ಕೇಳಿಯೂ ಬಂಡೆಯ ಮೇಲೆ ಮಳೆ ಸುರಿದಂತೆ ಇದ್ದವನು. ಯಾಕೆ ಎಂದು ಕೇಳಬೇಡಿ. ಪ್ರಸಂಗದ ಹೊತ್ತಿನಲ್ಲಿ ನನ್ನ ಕಣ್ಣು ದನಿಯ ಏರಿಳಿತ ತೋರಿಸುವ ಮುಳ್ಳಿನ ಮೇಲೆ ಇರುತ್ತಿತ್ತು, ಮನಸ್ಸು ಕಿರುಗುಟ್ಟುವ ಫ್ಯಾನಿನ ಮೇಲೆ. ಹಾಗಾಗಿ ಮೂರು ಸಭೆಗಳೂ ನನ್ನ ಗತಿಯನ್ನು ಚೆನ್ನಾಗಿ ಬಲ್ಲವು. ಒಂದರ ಪ್ರಕಾರ ಸುಡುತ್ತೇನೆ, ಇನ್ನೊಂದರ ಪ್ರಕಾರ ಆರುತ್ತೇನೆ, ಮತ್ತೊಂದರ ಪ್ರಕಾರ ನನಗೆ ಇಷ್ಟವಿರಲಿ ಬಿಡಲಿ, ಎಳೆದುಕೊಂಡಾದರೂ ಒಳಗೆ ಹಾಕಿಕೊಳ್ಳುತ್ತಾರೆ.

ಒಂಬತ್ತೂವರೆ ಸಭೆಯ ಹಿರಿಯರು, ಹಲ್ಲಿನ ಡಾಕ್ಟರು, ಅಲ್ಲಿ ಕುಳಿತಿದ್ದಾರೆ, ನಗುತ್ತಿದ್ದಾರೆ. ಒಮ್ಮೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಹೆದರ್ಕೋಬೇಡಿ, ನೋವೇನೂ ಆಗಲ್ಲ, ಒಂದು ಕ್ಷಣ, ಆಮೇಲೆ ಏನೂ ಗೊತ್ತಾಗಲ್ಲ" ಎಂದರು. ಡಾಕ್ಟರೇ, ನಾನು ಆಗಲೇ ನಿಮ್ಮ ಹತ್ತಿರ ಒಂದು ದವಡೆ ಹಲ್ಲು ಕೀಳಿಸಿಕೊಂಡಿದ್ದೆ. ಅದಕ್ಕೂ ನೀವು ಇದೇ ಮಾತು ಹೇಳಿದ್ದಿರಿ.

ಆದರೆ ಒಂದು ಸತ್ಯ ಹೇಳಬೇಕು. ನನಗಾಗಿ ಕಣ್ಣೀರು ಹಾಕಿದವರು ಏಳು ಗಂಟೆಯವರೇ. ಜ್ವರ ಬಂದು ಮಲಗಿದರೆ ಮೊದಲು ಬಾಗಿಲು ತಟ್ಟಿದವರು ಅವರೇ. ಬೆಂಕಿಗೆ ಬೀಳಲಿರುವವನನ್ನು ಕಂಡಂತೆ ಓಡಿ ಬರುತ್ತಿದ್ದರು, ಗಂಜಿ ತರುತ್ತಿದ್ದರು, ಜೊತೆಗೆ ಒಂದು ಕರಪತ್ರ. ಹನ್ನೆರಡು ಗಂಟೆಯವರು ಪ್ರೀತಿಯ ಜನ, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಬಗ್ಗೆ ಅವರಿಗೆ ಆತಂಕವೇ ಇರಲಿಲ್ಲ. ಹೇಗೂ ಬರುವವನು ಬರಲಿ ಬಿಡಿ ಎಂಬಂತೆ ಇದ್ದರು. ಹೆದರುವವರ ಪ್ರೀತಿ ಒಂದು ರೀತಿ, ಹೆದರದವರ ಪ್ರೀತಿ ಇನ್ನೊಂದು ರೀತಿ. ಮೂವತ್ತನಾಲ್ಕು ವರ್ಷ ಎರಡನ್ನೂ ಉಂಡೆ, ಯಾವುದು ರುಚಿ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಈಗ ನನ್ನ ಮಾವನವರ ವಿಷಯಕ್ಕೆ ಬರುತ್ತೇನೆ. ಹೆಂಡತಿ ಆಗಲೇ ತಲೆ ಅಲ್ಲಾಡಿಸುತ್ತಿದ್ದಾಳೆ. ಸ್ವಲ್ಪವೇ ಹೇಳುತ್ತೇನೆ, ಕೂತಿರು.

ಏಳು ಗಂಟೆಯ ಸಭೆಯ ಹಿಂದಿನ ಸಭಾಪಾಲಕರು ನನ್ನ ಮಾವ. ಹಳಬರಿಗೆ ಗೊತ್ತು, ಅವರ ದನಿಗೆ ಈ ಕಿಟಕಿಯ ಗಾಜು ನಡುಗುತ್ತಿತ್ತು. ಅವರ ಮಗಳು ಗಾಯನವೃಂದದಲ್ಲಿ ಹಾಡುತ್ತಿದ್ದಳು. ಹನ್ನೊಂದು ಜನರ ವೃಂದದಲ್ಲಿ ಒಬ್ಬಳ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿದ್ದುದು ಯಾಕೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನಾನು ಅವಳ ಮುಂದಿನ ಮೈಕಿನ ದನಿಯನ್ನು ಎರಡು ಗೆರೆ ಹೆಚ್ಚು ಏರಿಸಿದ್ದೆ. ನಮ್ಮ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಮಾವ ಬರಲಿಲ್ಲ. ಬೈಯಲೂ ಇಲ್ಲ. ನನ್ನ ಜೊತೆ ಮಾತು ಬಿಟ್ಟರು ಅಷ್ಟೇ. ಅತ್ತೆ ತೀರಿಕೊಂಡು, ಮಾವನ ಕಾಲು ಸೋತು, ಅವರು ನಮ್ಮ ಮನೆಗೆ ಬಂದು ಇರತೊಡಗಿದ ಮೇಲೂ ನನಗೆ ಹೇಳಬೇಕಾದದ್ದನ್ನು ಮಗಳಿಗೇ ಹೇಳುತ್ತಿದ್ದರು. ನಾನು ಎದುರಿಗೇ ಕುಳಿತಿರುತ್ತಿದ್ದೆ. "ನಿನ್ನ ಯಜಮಾನರಿಗೆ ಉಪ್ಪು ಈ ಕಡೆ ಸರಿಸೋಕೆ ಹೇಳು" ಎನ್ನುತ್ತಿದ್ದರು. ಊಟದ ಪ್ರಾರ್ಥನೆಯಲ್ಲಿ, "ಈ ಮೇಜಿನಲ್ಲಿ ನಾಶದ ದಾರಿ ಹಿಡಿದಿರುವವರನ್ನು ಕರುಣಿಸು ಸ್ವಾಮಿ" ಎಂದು ದಿನಾ ಬೇಡುತ್ತಿದ್ದರು. ಮೇಜಿನಲ್ಲಿ ಇದ್ದವರು ಮೂರೇ ಜನ. ಇಬ್ಬರು ರಕ್ಷಣೆ ಹೊಂದಿದವರು. ಉಳಿದವನ ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಅವರು ಕಲ್ಲು ಹೃದಯದವರೇ? ಅಲ್ಲ ಸಭಿಕರೇ. ಅವರು ಸುಳ್ಳು ಹೇಳಲು ಬಾರದವರು. ಅದೇ ಅವರ ಕಷ್ಟ.

ಅವರಿಗೊಬ್ಬ ಮಗ ಇದ್ದ. ನನ್ನ ಹೆಂಡತಿಯ ತಮ್ಮ. ಸಣ್ಣ ಮೈ, ಚಿಲಿಪಿಲಿ ಬಾಯಿ, ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಕೆಲಸ ಅವನದು. ನಮ್ಮ ಮದುವೆಗೆ ಆ ಮನೆಯಿಂದ ಬಂದವನು ಅವನೊಬ್ಬನೇ. ಇಪ್ಪತ್ತನೆಯ ವಯಸ್ಸಿಗೆ ಸಭೆ ಬಿಟ್ಟ. ಬಿಡುವಾಗ ತಂದೆಯ ಎದುರಿಗೆ ನಿಂತು, "ಅಪ್ಪಾ, ನೀವು ಹೇಳೋ ದೇವರಿಗಿಂತ ನೀವೇ ಒಳ್ಳೆಯವರು. ನೀವು ನನ್ನನ್ನ ಒಂದು ಗಂಟೆನೂ ಹೊರಗೆ ನಿಲ್ಲಿಸೋದಿಲ್ಲ" ಎಂದನಂತೆ. ಗುಬ್ಬಿ ಬೇರೆ ಊರಿಗೆ ಹೋದ, ಮೂವತ್ತೊಂದರಲ್ಲಿ ಜ್ವರ ಬಂತು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಮಾವ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮುಗಿದಿತ್ತು.

ಸಮಾಧಿಯ ಹತ್ತಿರ ಮಾವನೇ ನಿಂತು ಓದಿದರು. ನಾನೇ ಅವರ ಕೈಗೆ ಮೈಕ್ ಕೊಟ್ಟಿದ್ದೆ. ಬೇರೆಯವರ ಮಕ್ಕಳಿಗೆ ಎಷ್ಟು ಸಾಂತ್ವನದ ಮಾತು ಹೇಳಿದ್ದರು ಅವರು. ಅವತ್ತು ಓದಿ ಮುಗಿಸಿ, ಪುಸ್ತಕ ಮುಚ್ಚಿ, "ನನಗೆ ಹೇಳೋಕೆ ಇರೋದು ಇಷ್ಟೇ" ಎಂದು ಮೈಕನ್ನು ನನ್ನ ಕೈಗೆ ವಾಪಸು ಕೊಟ್ಟರು. ನಂಬದ ಮಾತನ್ನು ಮಗನಿಗಾಗಿಯೂ ಆಡಲಿಲ್ಲ. ಅದಾದ ಮೇಲೆ ಒಂಬತ್ತು ವರ್ಷ ಅವರ ಬಾಯಲ್ಲಿ ಮಗನ ಹೆಸರು ಬರಲಿಲ್ಲ. ಮನೆಯಲ್ಲಿ ನಾವೂ ಎತ್ತುವ ಹಾಗಿರಲಿಲ್ಲ. ನನ್ನ ಹೆಂಡತಿ ತಮ್ಮನ ಫೋಟೋವನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟುಕೊಂಡಿದ್ದಳು. ಹಿಟ್ಟು ಮುಗಿಯದಿದ್ದರೂ ದಿನಾ ಆ ಡಬ್ಬ ಸರಿಸುವುದನ್ನು ನೋಡಿದ್ದೇನೆ.

ಇರಲಿ, ಇರಲಿ. ನಗಿಸುತ್ತಾ ಬಂದವನು ಎಲ್ಲಿಗೋ ಹೋದೆ. ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ, ಅದು ನಗುವ ವಿಷಯ.

ಹಾಸಿಗೆ ಹಿಡಿದವರಿಗೆ, ಮನೆ ಬಿಟ್ಟು ಬರಲಾಗದವರಿಗೆ ಪ್ರತಿ ಭಾನುವಾರದ ಪ್ರಸಂಗವನ್ನು ಕ್ಯಾಸೆಟ್ಟಿನಲ್ಲಿ ಕಳುಹಿಸುವ ಪದ್ಧತಿ ಇತ್ತು. ಭಾನುವಾರ ಸಂಜೆ ನಾನು ಪ್ರತಿಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. ಸೋಮವಾರ ಬೆಳಗ್ಗೆ ಆಯಾ ಸಭೆಯ ಅಕ್ಕಂದಿರು ಬಂದು ತಮ್ಮ ತಮ್ಮವನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದರು. ನಾನು ಪೆನ್ಸಿಲಿನಲ್ಲಿ ಏಳು, ಒಂಬತ್ತೂವರೆ, ಹನ್ನೆರಡು ಎಂದು ಬರೆಯುತ್ತಿದ್ದೆ. ಹದಿನಾಲ್ಕು ವರ್ಷದ ಹಿಂದೆ ಸಮಿತಿಗೆ ಸೌಂದರ್ಯಪ್ರಜ್ಞೆ ಬಂತು. ಪೆನ್ಸಿಲ್ ಬರಹ ಅಸಹ್ಯ ಎಂದರು, ಪಾರಿವಾಳದ ಚಿತ್ರವಿರುವ ಬಣ್ಣದ ಸ್ಟಿಕ್ಕರ್ ತರಿಸಿದರು. ಏಳು ಗಂಟೆಗೆ ಕೆಂಪು, ಒಂಬತ್ತೂವರೆಗೆ ನೀಲಿ, ಹನ್ನೆರಡಕ್ಕೆ ಹಸಿರು.

ಈಗ ಒಂದು ಗುಟ್ಟು ಹೇಳುತ್ತೇನೆ. ನಿವೃತ್ತಿ ಆಗಿದೆ, ಗಡಿಯಾರ ಕೈಗೆ ಬಂದಿದೆ, ಇನ್ನು ನೀವು ನನಗೇನು ಮಾಡುತ್ತೀರಿ? ನನ್ನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಹುಟ್ಟಿನಿಂದ ಹಾಗೆ. ಕೆಲಸಕ್ಕೆ ಸೇರುವಾಗ ಹೇಳಿದರೆ ವೈರು ಮುಟ್ಟಲು ಬಿಡುತ್ತಿದ್ದಿರಾ? ಅದಕ್ಕೇ ನಾನು ಪ್ರತಿ ವೈರಿಗೂ ಗಂಟು ಹಾಕಿ ಗುರುತಿಟ್ಟುಕೊಂಡಿದ್ದೆ, ಇದಕ್ಕೊಂದು ಗಂಟು, ಅದಕ್ಕೆರಡು. ನೀವು ಅದನ್ನು ನನ್ನ ಅಚ್ಚುಕಟ್ಟುತನ ಎಂದು ವಾರ್ಷಿಕ ವರದಿಯಲ್ಲಿ ಬರೆಸಿದಿರಿ.

ಸ್ಟಿಕ್ಕರ್ ತಂದ ಸಮಿತಿಯ ಅಕ್ಕ ನನ್ನ ಮೇಜಿನ ಎದುರಿಗೆ ನಿಂತು, "ಕೆಂಪು ಎಡಗಡೆ ಇಟ್ಟಿದೀನಿ, ಹಸಿರು ಬಲಗಡೆ" ಎಂದರು. ಅವರ ಎಡ ನನಗೆ ಬಲ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ನೀಲಿ ನನಗೆ ಕಾಣುತ್ತದೆ, ಹಾಗಾಗಿ ಒಂಬತ್ತೂವರೆಯವರು ಪಾರಾದರು. ಏಳು ಗಂಟೆಯ ಪ್ರಸಂಗಕ್ಕೆ ಹಸಿರು ಬಿತ್ತು, ಹನ್ನೆರಡು ಗಂಟೆಯ ಪ್ರಸಂಗಕ್ಕೆ ಕೆಂಪು. ಹನ್ನೊಂದು ವಾರ. ಹನ್ನೊಂದು ವಾರ ಏಳು ಗಂಟೆ ಸಭೆಯ ಒಂಬತ್ತು ರೋಗಿಗಳು, ಕಟ್ಟಕಡೆಯವನೂ ಮನೆಗೆ ಬರುತ್ತಾನೆ ಎಂಬ ಪ್ರಸಂಗ ಕೇಳಿದರು. ಹನ್ನೆರಡು ಗಂಟೆ ಸಭೆಯ ಏಳು ರೋಗಿಗಳು ಆರದ ಬೆಂಕಿಯ ಪ್ರಸಂಗ ಕೇಳಿದರು.

ಏನಾಗಿರಬಹುದು ಹೇಳಿ? ಯಾರಾದರೂ ದೂರು ಕೊಟ್ಟರೇ? ಒಬ್ಬರೂ ಇಲ್ಲ. ಎಲ್ಲರೂ ಯಾರೋ ಅತಿಥಿ ಪ್ರಸಂಗಿ ಎಂದುಕೊಂಡರು. ಏಳು ಗಂಟೆ ಸಭೆಯ ಒಬ್ಬ ಅಜ್ಜಿ ನರಕದ ಭಯಕ್ಕೆ ಎಷ್ಟೋ ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮೂರನೆಯ ವಾರ ಅವರ ಮಗಳು ಸಿಕ್ಕಿ, "ನಮ್ಮಮ್ಮ ಈಗ ಗೊರಕೆ ಹೊಡೀತಾರೆ, ನಮಗೇ ನಿದ್ದೆ ಇಲ್ಲ" ಎಂದರು. ಅತ್ತ ಹನ್ನೆರಡು ಗಂಟೆ ಸಭೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಯವರು, ಆರು ವರ್ಷದಿಂದ ಮಲಗಿದ ಕಡೆಯೇ ಇದ್ದವರು, ಎರಡನೆಯ ಕ್ಯಾಸೆಟ್ ಮುಗಿಯುವುದರೊಳಗೆ ಎದ್ದು ಕೂತರಂತೆ. ನಾದಿನಿಯಿಂದ ಇಸಿದುಕೊಂಡು ಇಪ್ಪತ್ತು ವರ್ಷ ವಾಪಸು ಕೊಡದ ಹೊಲಿಗೆ ಯಂತ್ರವನ್ನು ಅವತ್ತೇ ಆಟೋದಲ್ಲಿ ಹಾಕಿಸಿ ಕಳಿಸಿದರಂತೆ. ಎರಡು ಸಿದ್ಧಾಂತಗಳಿಂದಲೂ ಇಷ್ಟು ಒಳ್ಳೆಯ ಫಲ ಸಿಕ್ಕಿದ್ದು ಮದ್ದನ್ನು ಅದಲುಬದಲು ಮಾಡಿದಾಗಲೇ ಎಂದರೆ, ವೇದಿಕೆಯ ಮೇಲಿರುವ ಹಿರಿಯರು ಕ್ಷಮಿಸಬೇಕು.

ಆ ಒಂಬತ್ತು ಕೆಂಪು ಸ್ಟಿಕ್ಕರುಗಳಲ್ಲಿ ಒಂದು ನಮ್ಮ ಮನೆಗೇ ಬರುತ್ತಿತ್ತು. ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳುವವರಲ್ಲ, ಸಭೆಯ ಅಕ್ಕನೇ ತಂದುಕೊಡಬೇಕು. ಸೋಮವಾರ ಹತ್ತು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು. ಮೂರನೆಯ ವಾರ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

"ರೀ, ಅಪ್ಪನ ರೂಮಲ್ಲಿ ಹನ್ನೆರಡು ಗಂಟೆಯವರ ದನಿ ಬರ್ತಿದೆ."

"ಏನೋ ಕೇಳಿಸಿರುತ್ತೆ ನಿನಗೆ. ಅಕ್ಕ ತಂದಿದ್ದು ಕೆಂಪು ಸ್ಟಿಕ್ಕರ್ ತಾನೆ?"

"ಕೆಂಪೇ. ಒಳಗಿರೋದು ಹಸಿರಿನವರು."

ಇಬ್ಬರೂ ಬಾಗಿಲಿಗೆ ಕಿವಿಯಿಟ್ಟೆವು. ನಿಜ, ಹನ್ನೆರಡು ಗಂಟೆಯ ಸಭಾಪಾಲಕರಾದ ಅಧ್ಯಕ್ಷರೇ, ಅದು ತಮ್ಮದೇ ದನಿ. ಯಾವ ತಂದೆ ಒಬ್ಬ ಮಗನನ್ನು ಹೊರಗೆ ಬಿಟ್ಟು ಊಟಕ್ಕೆ ಕೂರುತ್ತಾನೆ, ಎಂದು ತಾವು ಕೇಳುತ್ತಿದ್ದಿರಿ. ನನ್ನ ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ತನ್ನ ಮೈಮೇಲಿದ್ದ ಸ್ವೆಟರ್ ಹಿಡಿದು, "ಇದು ಯಾವ ಬಣ್ಣ?" ಎಂದಳು. ಹಸಿರು ಎಂದೆ. ಮದುವೆಯಾದಾಗಿನಿಂದ ನಾನು ಹೊಗಳುತ್ತಾ ಬಂದ ಹಸಿರು ಸ್ವೆಟರ್ ಅದು. "ಹದಿನೇಳು ವರ್ಷ ಆಯ್ತು, ಇದು ಕೆಂಪು ಕಣ್ರೀ" ಎಂದು ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅಪ್ಪ ಬೈತಾ ಇಲ್ಲ ನೋಡಿ. ಯಂತ್ರ ಆಫ್ ಮಾಡ್ತಾ ಇಲ್ಲ. ನೀವು ಈಗಲೇ ಸರಿಮಾಡಬೇಡಿ" ಎಂದಳು. ಅವಳು ಹೇಳಿದ್ದಕ್ಕೆ ನಾನು ಮತ್ತೆ ಎಂಟು ವಾರ...

ಲೆಕ್ಕ ಹಾಕಿಬಿಟ್ಟಿರಾ? ಮೂರು ಮತ್ತು ಎಂಟು. ಹೌದು. ಬಾಯಿ ಜಾರಿತು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲ ಮೂರು ವಾರ ನನ್ನ ಕಣ್ಣಿನ ತಪ್ಪು. ಆಮೇಲಿನ ಎಂಟು ವಾರ ಗೊತ್ತಿದ್ದೂ ಮಾಡಿದ್ದು. ಒಬ್ಬ ಮುದುಕರಿಗಾಗಿ ಹದಿನೈದು ಜನರ ಸಿದ್ಧಾಂತ ಕೆಡಿಸಿದೆ. ಅವರದೊಂದನ್ನೇ ಬದಲಿಸಬಹುದಿತ್ತಲ್ಲ ಎನ್ನುತ್ತೀರಿ. ಯಾವ ಕ್ಯಾಸೆಟ್ ಯಾರ ಮನೆಗೆ ಹೋಗುತ್ತದೆ ಎಂದು ಅಕ್ಕಂದಿರ ಚೀಲದೊಳಗೆ ಕೂತು ನೋಡಲೇ? ಎರಡೂ ಸಭೆಯವರಲ್ಲಿ ಕೈಮುಗಿದು ಕ್ಷಮೆ ಕೇಳುತ್ತೇನೆ. ನನ್ನ ಪಾಪಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ. ಆದರೆ ಪಶ್ಚಾತ್ತಾಪ ಇದೆಯೇ ಎಂದು ಕೇಳಬೇಡಿ. ಇಷ್ಟು ವರ್ಷದ ಸಹವಾಸದಲ್ಲಿ ಸುಳ್ಳು ಹೇಳಬಾರದು ಎಂಬುದನ್ನಾದರೂ ಕಲಿತಿದ್ದೇನೆ.

ಹನ್ನೊಂದನೆಯ ಸೋಮವಾರ. ನಾನು ಮನೆಯಲ್ಲೇ ಇದ್ದೆ, ಒಂದು ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದೆ. ಕೋಣೆಯಿಂದ ಮಾವನ ದನಿ ಬಂತು. "ಬಾ ಇಲ್ಲಿ." ಹೆಂಡತಿಯನ್ನು ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. "ನಿನ್ನನ್ನೇ. ಮೈಕಿನವನೇ, ಬಾ." ಮದುವೆಯಾದ ಮೇಲೆ ಅವರು ನನ್ನನ್ನು ನೇರವಾಗಿ ಕರೆದದ್ದು ಅದೇ ಮೊದಲು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್, ಮಡಿಲಲ್ಲಿ ಒಂದು ನೋಟ್‌ಪುಸ್ತಕ.

"ಇದು ಯಾರ ಪ್ರಸಂಗ?"

"ಮಾವ, ಸ್ಟಿಕ್ಕರ್ ಅದಲುಬದಲಾಗಿದೆ. ನನ್ನದೇ ತಪ್ಪು. ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ. ಅವನೂ ನಾನೂ ಒಂದೇ ಕೋಣೇಲಿ ನಾಲ್ಕು ವರ್ಷ ಇದ್ದು ಓದಿದವರು. ಅವನು ಗಂಟಲು ಸರಿಮಾಡ್ಕೊಳ್ಳೋದು ನನಗೆ ತಿಳಿಯಲ್ವಾ?"

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ಮಾವ ನನ್ನ ಮುಖವನ್ನೇ ನೋಡಿದರು. "ಹೇಳಿದ್ರೆ ನೀನು ಸರಿಮಾಡಿಬಿಡ್ತಿದ್ದೆ" ಎಂದರು.

ಅಧ್ಯಕ್ಷರೇ, ತಾವು ಪ್ರತಿ ಭಾನುವಾರ ಮೈಕಿನ ವೈರು ದಾಟುವಾಗ ನನ್ನನ್ನು ಕೇಳುತ್ತಿದ್ದಿರಿ, "ನಿಮ್ಮ ಮಾವ ಹೇಗಿದಾರಪ್ಪಾ, ಇನ್ನೂ ನನ್ನ ಬೈತಾರಾ?" ಎಂದು. ಬೈತಾರೆ ಸರ್, ಎನ್ನುತ್ತಿದ್ದೆ. ಅದೂ ಸುಳ್ಳಲ್ಲ. ಆ ನೋಟ್‌ಪುಸ್ತಕದಲ್ಲಿ ತಮ್ಮ ಹನ್ನೊಂದು ಪ್ರಸಂಗಗಳ ತಪ್ಪುಗಳನ್ನು ಅವರು ಸಂಖ್ಯೆ ಹಾಕಿ ಬರೆದಿದ್ದರು. ಒಟ್ಟು ನಲವತ್ತು. ಯಾವ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದಿರಿ, ಯಾವುದನ್ನು ಜಾರಿಸಿದಿರಿ, ಎಲ್ಲ ಇದೆ. ಪುಸ್ತಕ ಇವತ್ತು ತಂದಿದ್ದೇನೆ, ಇಗೋ ತಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ತಮಗೀಗ ಎಂಬತ್ತನಾಲ್ಕು. ನಲವತ್ತಕ್ಕೂ ಉತ್ತರ ಬರೆಯಬೇಕಾದರೆ ಬೇಗ ಶುರುಮಾಡಬೇಕು.

"ನಲವತ್ತು ತಪ್ಪು ಹುಡುಕಿದೆ" ಎಂದರು ಮಾವ. "ಒಂದೊಂದು ಹುಡುಕಿದಾಗಲೂ, ಇದು ತಪ್ಪಾಗದೇ ಇದ್ದಿದ್ರೆ ಅನ್ನಿಸ್ತು. ನೋಡು, ಈ ವಯಸ್ಸಲ್ಲಿ ನಾನು ಸುಳ್ಳು ಹೇಳಲ್ಲ. ನರಕ ಇದೆ. ನಾನು ಅದನ್ನ ಅಳಿಸೋಕಾಗಲ್ಲ. ಆದ್ರೆ ಗುಬ್ಬಿ ಅಲ್ಲಿದಾನೆ ಅಂತ ನನಗೆ ಯಾರು ಹೇಳಿದ್ರು?"

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಒಂಬತ್ತು ವರ್ಷದ ಮೇಲೆ ಆ ಹೆಸರು ಕೇಳಿ ಚೌಕಟ್ಟು ಹಿಡಿದುಕೊಂಡಳು.

"ಆಸ್ಪತ್ರೇಲಿ ನಾಲ್ಕು ದಿನ ಅವನ ಹತ್ತಿರ ನಾನಿರಲಿಲ್ಲ. ಕೊನೆಗೆ ಯಾರನ್ನ ಕರೆದ, ಏನು ಕೇಳ್ಕೊಂಡ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಒಂಬತ್ತು ವರ್ಷ ಇಟ್ಕೊಂಡಿದ್ದೆ. ಸುಳ್ಳು ಹೇಳಬಾರದು ಅಂತ ಬಾಯಿ ಮುಚ್ಕೊಂಡವನು, ಅದಕ್ಕಿಂತ ದೊಡ್ಡ ಸುಳ್ಳನ್ನ ನಂಬ್ಕೊಂಡು ಕೂತಿದ್ದೆ."

ಮೈಕಿನವನಿಗೆ ಹೊಳೆಯುವುದು ಮೈಕಿನ ವಿಷಯವೇ. "ಮಾವ, ಮುಂದಿನ ವಾರ ಯಾವ ಸ್ಟಿಕ್ಕರ್ ಹಚ್ಚಲಿ?" ಎಂದು ಕೇಳಿದೆ.

"ನಿನಗೆ ಹೇಗೂ ಬಣ್ಣ ಗೊತ್ತಾಗಲ್ವಲ್ಲ" ಎಂದರು. ಮಗಳು ಹೇಳಿರಬೇಕು. "ಸರಿಯಾಗಿದ್ದೇ ಹಚ್ಚು. ನನ್ನ ಸಭೆ ನನಗೆ ಬೇಕು. ಹನ್ನೆರಡು ಗಂಟೆಯವನದು ಮಾತ್ರ ಬೇರೆ ಒಂದು ಕಾಪಿ ತೆಗೆದು, ಯಾರಿಗೂ ಹೇಳದೆ ತಂದು ಕೊಡು."

ಹನ್ನೆರಡನೆಯ ವಾರದಿಂದ ಅವರು ತೀರಿಕೊಳ್ಳುವವರೆಗೆ, ಐದು ತಿಂಗಳು, ಆ ಕಾಪಿಯನ್ನು ಅವರು ನನ್ನ ಕೈಯಿಂದಲೇ ತೆಗೆದುಕೊಂಡರು. ನಾನು ಬೆಂಕಿಗೆ ಹೋಗುವವನು ಎಂಬ ಅಭಿಪ್ರಾಯವನ್ನು ಬದಲಿಸಿದರೋ? ಇಲ್ಲ. ದಿನಾ ನನ್ನನ್ನು ಕೂರಿಸಿಕೊಂಡು, "ನಿನ್ನ ವಿಷಯದಲ್ಲಿ ನನಗೆ ಹೊತ್ತಿಲ್ಲ, ಬೇಗ ಒಪ್ಕೋ" ಎಂದು ಜಗಳವಾಡುತ್ತಿದ್ದರು. ಎಂಥ ಸುಖದ ಜಗಳ ಅದು. ಹದಿನೇಳು ವರ್ಷದ ಮಾತನ್ನು ಐದು ತಿಂಗಳಲ್ಲಿ ಆಡಿ ಮುಗಿಸಬೇಕಿತ್ತು.

ಹೆಂಡತಿ ಈಗ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿದ್ದಾಳೆ. ಹೇಳಿ ಮುಗಿಸಿ ಎನ್ನುತ್ತಿದ್ದಾಳೆ. ಮುಗಿಸುತ್ತೇನೆ.

ಬಂದಿರುವ ಎಲ್ಲರಿಗೂ, ನನ್ನನ್ನು ಮೂರು ಬಗೆಯಲ್ಲಿ ಪ್ರೀತಿಸಿದ ಮೂರು ಸಭೆಗಳಿಗೂ, ತಣ್ಣಗಾದ ಊಟವನ್ನು ನನ್ನಿಂದಾಗಿ ಎರಡನೆಯ ಸಲ ಬಿಸಿಮಾಡುತ್ತಿರುವ ಅಡುಗೆಯವರಿಗೂ ಮನಸಾರೆ ವಂದನೆಗಳು. ನಾನು ಸತ್ತ ಮೇಲೆ ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ನಿಮ್ಮ ಮೂವರ ನಡುವೆ ಬಿಟ್ಟಿದ್ದೇನೆ, ಜಗಳವಾಡಬೇಡಿ. ಆ ಹನ್ನೊಂದನೆಯ ಸೋಮವಾರದ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನಲ್ಲಿ ಏನಾಯಿತು ಎಂಬುದೊಂದನ್ನು ಹೇಳಿ ಕೆಳಗಿಳಿಯುತ್ತೇನೆ.

ನಾವು ಮೂವರೂ ಕೂತೆವು. ಮಾವ ಕಣ್ಣು ಮುಚ್ಚಿದರು. ಅನ್ನಕ್ಕಾಗಿ ಸ್ತೋತ್ರ ಹೇಳಿದರು, ಮಗಳಿಗಾಗಿ ಹೇಳಿದರು, ನಾಶದ ದಾರಿ ಹಿಡಿದಿರುವವನಿಗಾಗಿ ಎಂದಿನಂತೆ ಬೇಡಿದರು. ಆಮೆನ್ ಎನ್ನಬೇಕಾದ ಜಾಗದಲ್ಲಿ ನಿಂತರು. ನಾವು ಕಾದೆವು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಗಾಜು ನಡುಗಿಸುತ್ತಿದ್ದ ಆ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಂಥ ಒಂದು ಮಾತಿಗೆ ಯಾವ ಮೈಕೂ ಬೇಕಾಗಿರಲಿಲ್ಲ.

"ಸ್ವಾಮಿ, ನಮ್ಮ ಗುಬ್ಬಿ ಅಲ್ಲೆಲ್ಲಾದರೂ ಕಂಡರೆ, ಅಪ್ಪ ಕೇಳಿದ ಅಂತ ಹೇಳು."

ಎಲ್ಲರಿಗೂ ನಮಸ್ಕಾರ.